ಮಗುವಿನ ಹೃದಯಕ್ಕೆ ಆಪರೇಷನ್ ಬೇಕೆಂದಾಗ: ತಡವಾಗದಂತೆ ನೋಡಿಕೊಳ್ಳಲು ಹೆತ್ತವರಿಗೊಂದು ಮಾರ್ಗದರ್ಶಿ

“ಮಗುವಿನ ಹಾರ್ಟಲ್ಲಿ ಹೋಲ್ ಇದೆ” ಎಂದು ಡಾಕ್ಟರ್ ಹೇಳಿದ ಕೂಡಲೇ ಹೆತ್ತವರ ಬಾಯಿಂದ ಬರುವ ಮೊದಲ ಮಾತು, “ಆಪರೇಷನ್ ಬೇಕೇ ಬೇಕಾ ಸಾರ್? ತಾನಾಗೇ ಮುಚ್ಕೊಳ್ಳಲ್ವಾ?” ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅದರ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಹೆಚ್ಚಿನವರಿಗೆ ಹೊಳೆಯುವುದಿಲ್ಲ: “ಬೇಕು ಅನ್ನೋದಾದ್ರೆ, ಎಷ್ಟು ತಿಂಗಳೊಳಗೆ ಆಗಬೇಕು?” ಈ ಲೇಖನದಲ್ಲಿ ನಾನು ಹೇಳಹೊರಟಿರುವುದೆಲ್ಲ ಈ ಎರಡನೆಯ ಪ್ರಶ್ನೆಯ ಬಗ್ಗೆಯೇ.

ಹುಟ್ಟುವ ಪ್ರತಿ 1000 ಮಕ್ಕಳಲ್ಲಿ 8–9 ಮಕ್ಕಳಿಗೆ ಹೃದಯದ ಹುಟ್ಟುದೋಷ ಇರುತ್ತದೆ. ಭಾರತದಲ್ಲಿ ವರ್ಷಕ್ಕೆ ಅಂಥ ಮಕ್ಕಳು 2 ಲಕ್ಷಕ್ಕೂ ಹೆಚ್ಚು ಎಂಬುದು ಅಂದಾಜು. ಅವರಲ್ಲಿ ಸುಮಾರು ಐದರಲ್ಲೊಂದು ಮಗುವಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕು. ಶ್ರೀಮಂತ ದೇಶಗಳಲ್ಲಿ ಇಂಥ ಮಗುವಿಗೆ ಹಲ್ಲು ಮೂಡುವ ಮೊದಲೇ ಆಪರೇಷನ್ ಮುಗಿದಿರುತ್ತದೆ. ನಮ್ಮಲ್ಲಿ ಎರಡು ವರ್ಷಕ್ಕೋ, ಶಾಲೆಗೆ ಸೇರಿದ ಮೇಲೆ ತಪಾಸಣೆಯಲ್ಲಿ ಗೊತ್ತಾಗಿ ಆರು ವರ್ಷಕ್ಕೋ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮಕ್ಕಳು ಈಗಲೂ ಬೇಕಾದಷ್ಟಿದ್ದಾರೆ. ಒಳ್ಳೆಯ ಸರ್ಜನ್ನರು ಇಲ್ಲದ ನಾಡೇನಲ್ಲ ಇದು. ಬೆಂಗಳೂರಿನಲ್ಲೇ ದೇಶದ ದೊಡ್ಡ ಹೃದಯ ಆಸ್ಪತ್ರೆಗಳಿವೆ. ದಿನಗಳು ಕಳೆದುಹೋಗುವುದು ಮಗುವಿನ ಮನೆಗೂ ಆ ಆಸ್ಪತ್ರೆಯ ಬಾಗಿಲಿಗೂ ನಡುವಿನ ದಾರಿಯಲ್ಲಿ. ಆ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆರಿಗೆ ಆಸ್ಪತ್ರೆಯಿಂದ ಹೊರಡುವ ಮುನ್ನ

ಮಗು ಹುಟ್ಟಿ 24 ಗಂಟೆ ಕಳೆದ ಮೇಲೆ, ಮನೆಗೆ ಕರೆದೊಯ್ಯುವ ಮೊದಲು, ನರ್ಸ್ ಬಳಿ ಒಂದು ಮಾತು ಕೇಳಿ: “ಸಿಸ್ಟರ್, ಮಗುಗೆ ಆಕ್ಸಿಜನ್ ಚೆಕ್ ಮಾಡಿದ್ರಾ?” ಪಲ್ಸ್ ಆಕ್ಸಿಮೀಟರನ್ನು ಮಗುವಿನ ಬಲಗೈಗೆ ಒಮ್ಮೆ, ಒಂದು ಪಾದಕ್ಕೆ ಒಮ್ಮೆ ಕಟ್ಟಿ ನೋಡುವ ಪರೀಕ್ಷೆ ಇದು. ಸೂಜಿ ಇಲ್ಲ, ನೋವಿಲ್ಲ, ಐದು ನಿಮಿಷದ ಕೆಲಸ. ಎರಡೂ ಕಡೆ 95 ಅಥವಾ ಅದಕ್ಕಿಂತ ಹೆಚ್ಚಿದ್ದು, ಎರಡರ ನಡುವೆ 3ಕ್ಕಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಸದ್ಯಕ್ಕೆ ಸರಿ. ಯಾವುದೇ ಕಡೆ 90ಕ್ಕಿಂತ ಕಡಿಮೆ ಬಂದರೆ ಆಗಿಂದಾಗಲೇ ಮಕ್ಕಳ ತಜ್ಞರು ನೋಡಬೇಕು. ಮಧ್ಯದ ಅಂಕಿ ಬಂದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡಬೇಕು. ದೊಡ್ಡವರ ಬೆರಳಿಗೆ ಸಿಕ್ಕಿಸುವ ಸಾಧನ ಎಳೆಮಗುವಿಗೆ ನಡೆಯುವುದಿಲ್ಲ, ಕೂಸಿನ ಪಾದಕ್ಕೆ ಸುತ್ತುವ ಪ್ರೋಬ್ ಬೇರೆಯೇ ಇದೆ.

ಈ ಪರೀಕ್ಷೆಗೆ ಸಿಗುವುದು ಬಹುಮಟ್ಟಿಗೆ ಮೈಗೆ ಆಮ್ಲಜನಕ ಕಡಿಮೆ ಮಾಡುವ ದೋಷಗಳು. ಮಹಾಧಮನಿಯೂ ಶ್ವಾಸಕೋಶದ ಧಮನಿಯೂ ಅದಲುಬದಲಾಗಿ ಹುಟ್ಟಿದ ಮಗು ಅಂಥದ್ದರಲ್ಲೊಂದು. ವೈದ್ಯರು ಅದನ್ನು ಟಿಜಿಎ ಎನ್ನುತ್ತಾರೆ. ಆ ಕೂಸು ಒಳ್ಳೆಯ ತೂಕದೊಂದಿಗೆ, ದುಂಡುದುಂಡಾಗಿ ಹುಟ್ಟಿರಬಹುದು, ಸ್ಟೆತಸ್ಕೋಪಿಗೆ ಯಾವ ಸದ್ದೂ ಸಿಗದಿರಬಹುದು. ನೀಲಿ ಬಣ್ಣವೊಂದೇ ಸುಳಿವು. ನಮ್ಮ ಮಕ್ಕಳ ಮೈಬಣ್ಣದಲ್ಲಿ ಅದು ಉಗುರಲ್ಲಿ ಸರಿಯಾಗಿ ಕಾಣದು. ಬೆಳಕಿಗೆ ಹಿಡಿದು ನಾಲಗೆ ನೋಡಿ, ತುಟಿಯ ಒಳಭಾಗ ನೋಡಿ.

ಬಾಣಂತನದ ಆ ಆರನೇ ವಾರ

ಇಲ್ಲಿ ಸ್ವಲ್ಪ ನಿಲ್ಲಬೇಕು. ಅತಿ ಹೆಚ್ಚು ಕಾಣುವ ದೋಷವೆಂದರೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು, ಅಂದರೆ ವಿಎಸ್‌ಡಿ. ಅದು ದೊಡ್ಡದಾಗಿದ್ದರೂ ಹುಟ್ಟಿದ ಮೊದಲ ದಿನಗಳಲ್ಲಿ ಸದ್ದೂ ಮಾಡದಿರಬಹುದು, ತೊಂದರೆಯನ್ನೂ ಕೊಡದಿರಬಹುದು. ಆಗ ಶ್ವಾಸಕೋಶದ ರಕ್ತನಾಳಗಳು ಇನ್ನೂ ಬಿಗಿಯಾಗಿರುತ್ತವೆ, ತೂತಿನ ಮೂಲಕ ಹೆಚ್ಚು ರಕ್ತ ನುಗ್ಗುವುದಿಲ್ಲ. ನಾಲ್ಕರಿಂದ ಎಂಟು ವಾರದ ಹೊತ್ತಿಗೆ ಆ ಬಿಗಿ ಸಡಿಲವಾಗುತ್ತದೆ, ಶ್ವಾಸಕೋಶಕ್ಕೆ ರಕ್ತ ತುಂಬತೊಡಗುತ್ತದೆ, ಮಗು ಏದುಸಿರು ಬಿಡಲು ಶುರುಮಾಡುತ್ತದೆ. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ‘ನಾರ್ಮಲ್’ ಎಂದಿದ್ದರೆ ಅದು ಆ ದಿನದ ಮಾತು ಮಾತ್ರ.

ಆ ನಾಲ್ಕರಿಂದ ಎಂಟನೇ ವಾರ ಎಂದರೆ ತಾಯಿ ತವರಿನಲ್ಲಿ ಬಾಣಂತನಕ್ಕಿರುವ ಕಾಲ. ಕೋಣೆ ಬೆಚ್ಚಗಿರುತ್ತದೆ, ಕಿಟಕಿ ಮುಚ್ಚಿರುತ್ತದೆ, ಮಗುವಿಗೆ ಕುಲಾವಿ ಹಾಕಿ ದುಪ್ಪಟಿ ಸುತ್ತಿರುತ್ತಾರೆ. ಬಿಸಿನೀರು ಎರೆದು ಸಾಂಬ್ರಾಣಿ ಹಾಕಿ ಮಲಗಿಸಿರುತ್ತಾರೆ. ಇಂಥಲ್ಲಿ ಹಾಲು ಕುಡಿಯುವ ಕೂಸಿನ ಹಣೆಯಲ್ಲಿ ಬೆವರು ಮೂಡಿದರೆ ಅಜ್ಜಿ ಹೇಳುವುದು, “ಸೆಖೆಗೆ ಕಣಮ್ಮ”. ಕೂಸು ಎರಡು ನಿಮಿಷ ಚೀಪಿ, ಬಿಟ್ಟು, ಉಸಿರೆಳೆದು, ಮತ್ತೆ ಚೀಪಿ, ಹಾಗೇ ಸೋತು ನಿದ್ದೆ ಹೋಗಿ, ಅರ್ಧ ಗಂಟೆಗೆ ಹಸಿದು ಎದ್ದು ಅತ್ತರೆ, “ಹಾಲು ಸಾಲ್ತಿಲ್ಲ ನಿಂಗೆ” ಎನ್ನುತ್ತಾರೆ. ರಚ್ಚೆ ಹಿಡಿದರೆ ದೃಷ್ಟಿ ತೆಗೆಯುತ್ತಾರೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ಇದೇ ಮೂರು ಗುರುತುಗಳು, ಅಂದರೆ ಹಾಲು ಕುಡಿಯುವಾಗ ಹಣೆ ಬೆವರುವುದು, ನಿಲ್ಲಿಸಿ ನಿಲ್ಲಿಸಿ ಕುಡಿಯುವುದು, ತೂಕ ಏರದಿರುವುದು, ಹೃದಯ ಸೋಲುತ್ತಿದೆ ಎಂಬುದರ ಸ್ಪಷ್ಟ ಲಕ್ಷಣಗಳು.

ಮನೆಯಲ್ಲೇ ಮಾಡಬಹುದಾದದ್ದು ಹೀಗೆ. ಮಗು ಮಲಗಿದ್ದಾಗ ಎದೆಯ ಬಟ್ಟೆ ಸರಿಸಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಪಕ್ಕೆ ಒಳಗೆ ಎಳೆಯುತ್ತಿದೆಯೇ ನೋಡಿ. ತೂಕ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು, ಐದು ತಿಂಗಳ ಆಸುಪಾಸಿನಲ್ಲಿ ಹುಟ್ಟಿದ ತೂಕದ ಎರಡರಷ್ಟಾಗಬೇಕು. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ಅವರು ಬಂದಾಗ ಮಗುವನ್ನು ಬಿಚ್ಚಿ ತೋರಿಸಿ, ತೂಗಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ತವರಿನ ಊರಿನ ಆಶಾಗೆ ನೀವು ಬಂದಿರುವ ವಿಷಯವೇ ಗೊತ್ತಿಲ್ಲದಿರಬಹುದು, ನೀವೇ ಹೇಳಿಕಳಿಸಿ. ಆರನೇ ವಾರದ ಲಸಿಕೆಗೆ ಹೋದಾಗ ಸೂಜಿ ಹಾಕಿಸಿಕೊಂಡು ಓಡಿಬರಬೇಡಿ. “ಒಂದ್ಸಲ ಎದೆ ನೋಡಿ ಡಾಕ್ಟ್ರೇ, ಹಾಲು ಕುಡಿಯುವಾಗ ಬೆವರುತ್ತೆ” ಎಂದು ಬಾಯಿಬಿಟ್ಟು ಹೇಳಿ.

ಪದೇ ಪದೇ ನ್ಯುಮೋನಿಯಾ ಆಗುವ ಮಗುವಿಗೂ ಇದೇ ಅನ್ವಯಿಸುತ್ತದೆ. ಮೂರು ಸಲ ಅಡ್ಮಿಟ್ ಮಾಡಿ ಆಂಟಿಬಯೋಟಿಕ್ ಕೊಟ್ಟು ಕಳಿಸಿದ್ದಾರೆಯೇ ಹೊರತು ಒಂದು ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸಿಲ್ಲ ಎಂದಾದರೆ ನೀವೇ ಕೇಳಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುವುದರಿಂದ ಲಕ್ಷಣ ಇರಲಿ ಬಿಡಲಿ, ಅವರೆಲ್ಲರಿಗೂ ಎಕೋ ಬೇಕು.

ಎಕೋ: ಯಾರು ಮಾಡಿದರು ಎಂಬುದು ಮುಖ್ಯ

ಜಿಲ್ಲಾ ಕೇಂದ್ರದಲ್ಲಿ ಇದನ್ನು ಹೆಚ್ಚಾಗಿ ಮಾಡುವುದು ದೊಡ್ಡವರ ಹೃದಯ ತಜ್ಞರು. ತೂತು ಇದೆಯೇ ಇಲ್ಲವೇ ಎಂದು ಅವರು ಹೇಳಬಲ್ಲರು. ಯಾವಾಗ ಮುಚ್ಚಬೇಕು ಎಂಬ ನಿರ್ಧಾರ ಮಾತ್ರ ಮಕ್ಕಳ ಹೃದ್ರೋಗ ತಜ್ಞರದ್ದೇ ಆಗಿರಬೇಕು. ಮೊದಲ ಎಕೋದಲ್ಲಿ ದೋಷ ಕಂಡರೆ ಮಕ್ಕಳ ಹೃದಯ ವಿಭಾಗ ಇರುವ ಆಸ್ಪತ್ರೆಗೆ ವಾರದೊಳಗೆ ಹೋಗಿ. ಮಗು ನೀಲಿಯಾಗಿದ್ದರೆ, ಹಾಲೇ ಕುಡಿಯುತ್ತಿಲ್ಲವಾದರೆ, ಅದೇ ದಿನ.

ಅಲ್ಲಿ ಮೂರು ವಿಷಯ ಕೇಳಿ ಬರೆಸಿಕೊಳ್ಳಿ. ದೋಷದ ಹೆಸರೇನು, ಎಷ್ಟು ದೊಡ್ಡದು? ಶ್ವಾಸಕೋಶದ ಒತ್ತಡ, ಅಂದರೆ ರಿಪೋರ್ಟಿನಲ್ಲಿ ಪಿಎಎಚ್ ಎಂದು ಬರೆಯುವುದು, ಇದೆಯೇ, ಎಷ್ಟಿದೆ? ಯಾವ ತಿಂಗಳೊಳಗೆ ಆಪರೇಷನ್? ಈ ಮೂರನೆಯದಕ್ಕೆ “ನೋಡೋಣ”, “ಫಾಲೋಅಪ್‌ಗೆ ಬನ್ನಿ” ಎಂಬ ಉತ್ತರ ಬಂದರೆ, ಗೌರವದಿಂದಲೇ ಮತ್ತೆ ಕೇಳಿ: “ಯಾವ ತಿಂಗಳು ದಾಟಬಾರದು ಡಾಕ್ಟ್ರೇ? ಚೀಟಿಯಲ್ಲಿ ಬರೆದುಕೊಟ್ರೆ ಉಪಕಾರ ಆಗುತ್ತೆ.” ಬರೆದ ಗಡುವು ಮನೆಯ ಹಿರಿಯರನ್ನೂ ಒಪ್ಪಿಸುತ್ತದೆ, ಮುಂದಿನ ಆಸ್ಪತ್ರೆಯ ಕೌಂಟರಿನಲ್ಲೂ ಕೆಲಸ ಮಾಡುತ್ತದೆ.

ಯಾವ ದೋಷಕ್ಕೆ ಎಷ್ಟು ಸಮಯ

ನಿಮ್ಮ ಮಗುವಿನ ಗಡುವನ್ನು ನಿಮ್ಮ ವೈದ್ಯರೇ ಹೇಳಬೇಕು. ಆದರೂ ಅಂದಾಜು ತಿಳಿದಿದ್ದರೆ ಯಾರಾದರೂ “ಮುಂದಿನ ವರ್ಷ ನೋಡೋಣ” ಎಂದಾಗ ತಲೆಯಾಡಿಸಿ ಬರುವುದು ತಪ್ಪುತ್ತದೆ.

ದಿನಗಳ ಲೆಕ್ಕದವು: ಟಿಜಿಎ ಆದರೆ ಹುಟ್ಟಿದ ಮೊದಲ ಎರಡು-ಮೂರು ವಾರದಲ್ಲೇ ಧಮನಿಗಳನ್ನು ಅದಲುಬದಲು ಮಾಡುವ ಆಪರೇಷನ್ ಆಗಬೇಕು. ಗೋಡೆಯಲ್ಲಿ ತೂತಿಲ್ಲದ ಟಿಜಿಎಯಲ್ಲಿ ಎಡ ಕೋಣೆಗೆ ಒತ್ತಡದ ಕೆಲಸವೇ ಇರುವುದಿಲ್ಲ, ಅದರ ಸ್ನಾಯು ವಾರ ವಾರಕ್ಕೂ ಸೊರಗುತ್ತದೆ. ತಡವಾದರೆ ಇಡೀ ದೇಹಕ್ಕೆ ರಕ್ತ ತಳ್ಳುವ ಶಕ್ತಿಯೇ ಅದಕ್ಕೆ ಉಳಿದಿರುವುದಿಲ್ಲ. ಮಹಾಧಮನಿ ಕಿರಿದಾಗಿ ಹೃದಯ ಸೋತಿರುವ ಕೂಸು, ಶ್ವಾಸಕೋಶದಿಂದ ಮರಳುವ ರಕ್ತನಾಳಗಳು ತಪ್ಪು ಜಾಗಕ್ಕೆ ಸೇರಿ ಅಲ್ಲಿ ಅಡಚಣೆಯೂ ಇರುವ ಕೂಸು, ಇವೂ ತುರ್ತಿನವೇ. ಇಂಥ ಕೆಲವು ಮಕ್ಕಳಿಗೆ ಪ್ರೋಸ್ಟಗ್ಲಾಂಡಿನ್ ಎಂಬ ಔಷಧಿಯ ಡ್ರಿಪ್ ಹಾಕಿಕೊಂಡೇ ಸಾಗಿಸಬೇಕಾಗುತ್ತದೆ. ಕಳಿಸುವ ಆಸ್ಪತ್ರೆಯ ವೈದ್ಯರಿಂದಲೇ ಸೇರಿಸಿಕೊಳ್ಳುವ ಆಸ್ಪತ್ರೆಗೆ ಫೋನ್ ಮಾಡಿಸಿ, ಬೆಡ್ ಮತ್ತು ವೆಂಟಿಲೇಟರ್ ಇದೆಯೆಂದು ಖಾತ್ರಿಯಾದ ಮೇಲೆ ವೆಂಟಿಲೇಟರ್ ಇರುವ ಆಂಬ್ಯುಲೆನ್ಸಿನಲ್ಲಿ ಹೊರಡಿ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದರಲ್ಲೇ ಈ ಕೂಸುಗಳು ಕೈಬಿಟ್ಟುಹೋಗುತ್ತವೆ.

ತಿಂಗಳುಗಳ ಲೆಕ್ಕದವು: ದೊಡ್ಡ ವಿಎಸ್‌ಡಿಗೆ ಮೂರರಿಂದ ಆರು ತಿಂಗಳು, ಔಷಧಿಗೆ ಬಗ್ಗದಿದ್ದರೆ ಇನ್ನೂ ಮೊದಲೇ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಹೆಚ್ಚು ಕಾಣುವ, ಹೃದಯದ ನಡುಭಾಗವೇ ತೆರೆದಿರುವ ದೋಷಕ್ಕೂ ಹೆಚ್ಚುಕಡಿಮೆ ಇದೇ ಗಡುವು. ದೊಡ್ಡ ಪಿಡಿಎ, ಅಂದರೆ ಹುಟ್ಟಿದ ಮೇಲೆ ಮುಚ್ಚಬೇಕಿದ್ದ ನಾಳ ತೆರೆದೇ ಉಳಿದಿದ್ದರೆ, ಮೊದಲ ಕೆಲವು ತಿಂಗಳಲ್ಲೇ. ಟೆಟ್ರಾಲಜಿ ಆಫ್ ಫಾಲೋ ಎಂಬ, ಮಗು ನೀಲಿಯಾಗುವ ದೋಷಕ್ಕೆ ಆರರಿಂದ ಹನ್ನೆರಡು ತಿಂಗಳು. ನೀಲಿಗಟ್ಟುವ ದಾಳಿ ಶುರುವಾದರೆ ಅಷ್ಟು ಕಾಯುವಂತಿಲ್ಲ.

ವರ್ಷಗಳ ಲೆಕ್ಕದ್ದು: ಮೇಲಿನ ಕೋಣೆಗಳ ನಡುವಿನ ತೂತು, ಎಎಸ್‌ಡಿ. ಲಕ್ಷಣ ಇಲ್ಲದಿದ್ದರೆ ಎರಡರಿಂದ ನಾಲ್ಕು ವರ್ಷದೊಳಗೆ. ಇವುಗಳಲ್ಲಿ ಅನೇಕವನ್ನು ಎದೆ ತೆರೆಯದೆ, ತೊಡೆಯ ಸಂದಿನ ರಕ್ತನಾಳದ ಮೂಲಕ ಡಿವೈಸ್ ಕೂರಿಸಿ ಮುಚ್ಚಬಹುದು.

ತಾನಾಗಿಯೇ ಮುಚ್ಚಿಕೊಳ್ಳುವ ತೂತುಗಳು ಇಲ್ಲವೇ? ಇವೆ. ಸಣ್ಣ ವಿಎಸ್‌ಡಿಗಳಲ್ಲಿ ಬಹಳಷ್ಟು ಮುಚ್ಚಿಕೊಳ್ಳುತ್ತವೆ. ನೆಂಟರಲ್ಲಿ ಯಾರದೋ ಮಗುವಿಗೆ ಮುಚ್ಚಿದ್ದು ಅಂಥ ಸಣ್ಣ ತೂತು. ನಿಮ್ಮ ಮಗುವಿನ ದೊಡ್ಡ ತೂತಿಗೂ ಅದಕ್ಕೂ ಸಂಬಂಧವಿಲ್ಲ.

“ತೂಕ ಬರಲಿ, ಆಮೇಲೆ ಮಾಡೋಣ”

ನಮ್ಮಲ್ಲಿ ಅತಿ ಹೆಚ್ಚು ತಿಂಗಳುಗಳನ್ನು ನುಂಗಿರುವುದು ಈ ಮಾತು. ಮನೆಯವರೂ ಹೇಳುತ್ತಾರೆ, ಕೆಲವು ಕಡೆ ವೈದ್ಯರೂ ಹೇಳುತ್ತಾರೆ: ಹತ್ತು ಕೆ.ಜಿ. ಆಗಲಿ, ಗಟ್ಟಿಯಾಗಲಿ. ದೊಡ್ಡ ತೂತಿರುವ ಮಗು ಕುಡಿದ ಹಾಲಿನ ಶಕ್ತಿಯೆಲ್ಲ ಉಸಿರಾಡುವುದಕ್ಕೇ ಖರ್ಚಾಗುತ್ತಿರುತ್ತದೆ. ತೂತು ಮುಚ್ಚದೆ ಆ ಮಗುವಿಗೆ ತೂಕ ಬರುವುದಿಲ್ಲ, ತೂಕ ಬರಲಿ ಎಂದು ಮುಚ್ಚುವುದನ್ನು ಮುಂದೂಡಿದರೆ ಎರಡೂ ಆಗುವುದಿಲ್ಲ. ಮೂರು-ನಾಲ್ಕು ಕೆ.ಜಿ.ಯ ಕೂಸುಗಳಿಗೆ ಓಪನ್ ಹಾರ್ಟ್ ಆಪರೇಷನ್ ಮಾಡುವ ತಂಡಗಳು ಬೆಂಗಳೂರಿನಲ್ಲಿವೆ. ತೂಕದ ಷರತ್ತು ಹಾಕಿದರೆ ಹೀಗೆ ಕೇಳಿ: “ಇದು ಮಗುವಿನ ಕಾಯಿಲೆಗೆ ಒಳ್ಳೆಯದು ಅಂತ ಕಾಯೋದಾ, ಅಥವಾ ಇಲ್ಲಿ ಚಿಕ್ಕ ಮಕ್ಕಳಿಗೆ ಮಾಡಲ್ಲ ಅಂತಲಾ?” ಎರಡನೆಯದಾದರೆ ರೆಫರಲ್ ಬರೆಸಿಕೊಂಡು ಚಿಕ್ಕ ಮಕ್ಕಳಿಗೆ ಮಾಡುವಲ್ಲಿಗೆ ಹೋಗಿ.

ಕಾದರೆ ಒಳಗೆ ಏನಾಗುತ್ತದೆ? ಸಣ್ಣ ಕಾಲುವೆಗೆ ಕೆರೆಯ ತೂಬನ್ನೇ ಎತ್ತಿಬಿಟ್ಟಂತೆ ಶ್ವಾಸಕೋಶದ ನವಿರು ನಾಳಗಳಿಗೆ ಹೆಚ್ಚುವರಿ ರಕ್ತ ನುಗ್ಗುತ್ತಲೇ ಇರುತ್ತದೆ. ಆ ಹೊಡೆತ ತಡೆಯಲು ನಾಳಗಳ ಗೋಡೆ ದಪ್ಪವಾಗುತ್ತದೆ, ಒಳಗಿನ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಅದು ಹಿಂದಕ್ಕೆ ಬರುವುದಿಲ್ಲ. ರಕ್ತ ಉಲ್ಟಾ ಹರಿಯತೊಡಗಿ, ಹುಟ್ಟುವಾಗ ಕೆಂಪಗಿದ್ದ ಮಗು ಬೆಳೆಯುತ್ತಾ ನೀಲಿಯಾಗುತ್ತದೆ. ಐಸೆನ್‌ಮೆಂಗರ್ ಎನ್ನುವ ಆ ಸ್ಥಿತಿಯಲ್ಲಿ ತೂತು ಮುಚ್ಚುವುದು ಜೀವಕ್ಕೇ ಅಪಾಯ, ಆಪರೇಷನ್ ಬಾಗಿಲು ಮುಚ್ಚಿದಂತೆಯೇ.

ಇದರಲ್ಲಿ ಹೆತ್ತವರನ್ನು ಮೋಸಗೊಳಿಸುವ ಒಂದು ಘಟ್ಟವಿದೆ, ಇದನ್ನು ದಯವಿಟ್ಟು ನೆನಪಿಡಿ. ನಾಳಗಳು ಬಿಗಿಯಾಗುತ್ತಾ ಹೋದಂತೆ ಶ್ವಾಸಕೋಶಕ್ಕೆ ನುಗ್ಗುವ ರಕ್ತ ಕಡಿಮೆಯಾಗುತ್ತದೆ. ಆಗ ಏದುಸಿರು ತಗ್ಗುತ್ತದೆ, ನ್ಯುಮೋನಿಯಾ ನಿಲ್ಲುತ್ತದೆ, ತೂಕವೂ ಏರಬಹುದು. “ದೇವರ ದಯೆ, ಮಗು ಸುಧಾರಿಸ್ತು” ಎಂದು ಮನೆಯವರು ಆಸ್ಪತ್ರೆಗೆ ಹೋಗುವುದನ್ನೇ ನಿಲ್ಲಿಸುವುದು ಸರಿಯಾಗಿ ಆಗಲೇ. ದೊಡ್ಡ ತೂತಿರುವ ಮಗು ಚಿಕಿತ್ಸೆಯಿಲ್ಲದೆ ತಾನಾಗಿ ಚೆನ್ನಾದರೆ ಅದೇ ವಾರ ಎಕೋ ಮಾಡಿಸಿ.

ಹಣ ಮತ್ತು ಕಾಗದಪತ್ರ

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಸರ್ಕಾರಿ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ತುರ್ತು ಪ್ರಕರಣಕ್ಕೆ ಬೇಡ. ಮೊದಲು ಕೈಯಿಂದ ಕಟ್ಟಿ ಆಮೇಲೆ ವಾಪಸ್ ಪಡೆಯೋಣ ಎಂಬ ಲೆಕ್ಕ ಹಾಕಬೇಡಿ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ಕಂಡು ಅನುಮೋದನೆ ಹಾಕಿಸಿ.

ಇನ್ನೊಂದು ಬಾಗಿಲು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಆರ್‌ಬಿಎಸ್‌ಕೆ. 2013ರಲ್ಲಿ ಶುರುವಾದ ಇದರಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆ ಮತ್ತು ಉಚಿತ ಚಿಕಿತ್ಸೆ ಇದೆ, ಹೃದಯದ ಹುಟ್ಟುದೋಷವೂ ಪಟ್ಟಿಯಲ್ಲಿದೆ. ಇದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುತ್ತದೆ. ಮಗುವಿಗೆ ದೋಷ ಇದೆಯೆಂದು ಈಗಾಗಲೇ ಗೊತ್ತಿದ್ದರೆ ಅವರ ದಾರಿ ಕಾಯಬೇಡಿ, ತಾಲ್ಲೂಕು ಆಸ್ಪತ್ರೆಯಲ್ಲಿ ಆ ತಂಡವನ್ನು ಕೇಳಿಕೊಂಡು ಹೋಗಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ, ಕಾರ್ಮಿಕರಿಗೆ ಇಎಸ್‌ಐ, ರಾಜ್ಯ ಸರ್ಕಾರಿ ನೌಕರರಿಗೆ ಕರ್ನಾಟಕ ಆರೋಗ್ಯ ಸಂಜೀವಿನಿ ಇವೆ. ಇವು ಸಾಲದಿದ್ದರೆ ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನ ಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರ ಇಟ್ಟು ಅರ್ಜಿ ಹಾಕಬಹುದು. ಗೊಂದಲವಾದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ.

ಕಾಗದ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದರೆ ಮತ್ತೆ ಬಾಣಂತನಕ್ಕೇ ಬರಬೇಕು. ಮಗು ತವರಿನಲ್ಲಿ, ರೇಷನ್ ಕಾರ್ಡ್ ಗಂಡನ ಮನೆಯಲ್ಲಿ, ಅದರಲ್ಲಿ ಸೊಸೆಯ ಹೆಸರೇ ಸೇರಿಲ್ಲ, ಜನನ ಪ್ರಮಾಣಪತ್ರ ಇನ್ನೂ ತಂದಿಲ್ಲ. ಗರ್ಭಿಣಿಯಾಗಿರುವಾಗಲೇ ತಾಯಿಯ ಹೆಸರು ಕಾರ್ಡಿಗೆ ಸೇರಿಸಿ. ಹೆರಿಗೆಯಾದ ಆಸ್ಪತ್ರೆಯಿಂದ ಹೊರಡುವ ಮೊದಲೇ ಜನನ ಪ್ರಮಾಣಪತ್ರ ಕೇಳಿ. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚು ಇಲ್ಲದೆಯೇ ಬಾಲ ಆಧಾರ್ ಆಗುತ್ತದೆ, ಜನನ ಪ್ರಮಾಣಪತ್ರ ಮತ್ತು ಅಪ್ಪ ಅಥವಾ ಅಮ್ಮನ ಆಧಾರ್ ಬೇಕು. ಒಂದು ಫೈಲಿನಲ್ಲಿ ತಾಯಿ ಕಾರ್ಡ್, ಎಲ್ಲ ಎಕೋ ರಿಪೋರ್ಟ್, ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಔಷಧಿ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಪ್ರತಿಯೊಂದರ ಫೋಟೋ ಮೊಬೈಲಿನಲ್ಲಿ ಇರಲಿ, ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ.

ಎಲ್ಲಿಗೆ ಹೋಗಬಹುದು

ಸರ್ಕಾರದ ಸ್ವಾಯತ್ತ ಸಂಸ್ಥೆಯಾದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿದೆ. ನಿಮ್ಮ ಮಗುವಿಗೆ ಬೇಕಾದ ಆಪರೇಷನ್ ಹತ್ತಿರದ ಶಾಖೆಯಲ್ಲೇ ನಡೆಯುತ್ತದೆಯೇ, ಬೆಂಗಳೂರಿಗೇ ಹೋಗಬೇಕೇ ಎಂದು ಮೊದಲೇ ವಿಚಾರಿಸಿ. ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ ಮಕ್ಕಳ ಹೃದಯ ವಿಭಾಗ ದೊಡ್ಡದು. ವೈಟ್‌ಫೀಲ್ಡಿನಲ್ಲಿ 2001ರಿಂದ ಇರುವ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ ಹಣವನ್ನೇ ತೆಗೆದುಕೊಳ್ಳುವುದಿಲ್ಲ; ಅದಕ್ಕೂ ಹತ್ತು ವರ್ಷ ಮೊದಲು ಪುಟ್ಟಪರ್ತಿಯಲ್ಲಿ ಶುರುವಾದ ಆಸ್ಪತ್ರೆ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಡಿಭಾಗದವರಿಗೆ ಅನುಕೂಲ. ಉಚಿತ ಇರುವಲ್ಲಿ ಸರದಿಯೂ ಉದ್ದ. ಕೊಟ್ಟ ತಾರೀಖು ನಿಮ್ಮ ಚೀಟಿಯ ಗಡುವನ್ನು ದಾಟುತ್ತಿದ್ದರೆ ಆ ಚೀಟಿ ತೋರಿಸಿ ಬೇಗ ಮಾಡಲು ಕೇಳಿ, ಆಗದಿದ್ದರೆ ಅದೇ ದಿನ ಇನ್ನೊಂದು ಕಡೆ ಹೆಸರು ಬರೆಸಿ. ಎರಡು ಕಡೆ ಹೆಸರಿದ್ದರೆ ಯಾರಿಗೂ ಅನ್ಯಾಯವಾಗುವುದಿಲ್ಲ, ಒಂದು ಕಡೆ ಮುಗಿದ ಕೂಡಲೇ ಇನ್ನೊಂದಕ್ಕೆ ಫೋನ್ ಮಾಡಿ ಬಿಡಿಸಿಕೊಂಡರಾಯಿತು.

ಕಾಸರಗೋಡಿನ ಕನ್ನಡಿಗರಿಗೆ ಕೇರಳದ ಹೃದ್ಯಂ ಯೋಜನೆ ಇದೆ. 2017ರಲ್ಲಿ ಶುರುವಾದ ಅದರಲ್ಲಿ ಮಗುವಿನ ಹೆಸರನ್ನು ಆನ್‌ಲೈನಿನಲ್ಲಿ ನೋಂದಾಯಿಸಿದರೆ ತಜ್ಞರು ರಿಪೋರ್ಟ್ ನೋಡಿ, ಎಷ್ಟು ತುರ್ತು ಎಂದು ವಿಂಗಡಿಸಿ, ಆಸ್ಪತ್ರೆಯನ್ನೂ ಗೊತ್ತುಮಾಡುತ್ತಾರೆ. ಅಲೆದಾಟದ ಭಾರ ಅಪ್ಪ-ಅಮ್ಮನ ತಲೆಯಿಂದ ಸರ್ಕಾರದ ತಲೆಗೆ ಹೋಗುತ್ತದೆ. ತುರ್ತಿನ ಪ್ರಕಾರ ಸರದಿ ಗೊತ್ತುಮಾಡುವ ಇಂಥ ಒಂದೇ ಪಟ್ಟಿ ನಮ್ಮ ರಾಜ್ಯದ ಎಲ್ಲ ಮಕ್ಕಳಿಗೂ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಣ್ಣುಮಗುವಿನ ವಿಷಯ ಇಲ್ಲೇ ಹೇಳಬೇಕು. ದೆಹಲಿಯ ಏಮ್ಸ್ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಪರೇಷನ್ ಬೇಕೆಂದು ಹೇಳಿದ ಗಂಡುಮಕ್ಕಳಲ್ಲಿ ಶೇ. 70ರಷ್ಟು ಮಂದಿಗೆ ಅದು ಆಗಿತ್ತು, ಹೆಣ್ಣುಮಕ್ಕಳಲ್ಲಿ ಶೇ. 44ಕ್ಕೆ ಮಾತ್ರ. ಎದೆಯ ಮೇಲೆ ಗಾಯದ ಗುರುತು ಉಳಿದರೆ ಮದುವೆ ಹೇಗೆ ಎಂಬ ಚಿಂತೆ ಅದರ ಹಿಂದೆ ಇರುತ್ತದೆ. ತೂತು ಮುಚ್ಚದೆ ಐಸೆನ್‌ಮೆಂಗರ್ ಹಂತಕ್ಕೆ ಹೋದ ಹುಡುಗಿಗೆ ಮುಂದೆ ಬಸಿರೇ ಪ್ರಾಣಾಂತಿಕ. ಸಕಾಲಕ್ಕೆ ಮುಚ್ಚಿಸಿಕೊಂಡ ಹುಡುಗಿ ಓದಿ, ಆಡಿ, ಮದುವೆಯಾಗಿ, ಮಕ್ಕಳನ್ನು ಹೆರಬಲ್ಲಳು. ಈ ಮಾತನ್ನು ಮನೆಯಲ್ಲಿ ಹೇಳುವ ಧೈರ್ಯ ತಾಯಿಗೆ ಸಾಲದಿದ್ದರೆ ವೈದ್ಯರ ಬಾಯಿಂದಲೇ ಮಾವ-ಅತ್ತೆಯ ಎದುರಿಗೆ ಹೇಳಿಸಿ.

ತಾರೀಖಿಗೆ ಕಾಯುವ ದಿನಗಳಲ್ಲಿ

ಎದೆಹಾಲು ನಿಲ್ಲಿಸಬೇಡಿ. ಮಗು ಚೀಪಿ ಸುಸ್ತಾಗುತ್ತಿದ್ದರೆ ಹಾಲು ಹಿಂಡಿ ತೆಗೆದು ಒಳಲೆಯಲ್ಲಿ ಕುಡಿಸಿ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ. ಅದೂ ಆಗದಿದ್ದರೆ ಮೂಗಿನ ಟ್ಯೂಬಿನಲ್ಲಿ ಕೊಡುವುದನ್ನು ಆಸ್ಪತ್ರೆಯಲ್ಲಿ ಕಲಿಸುತ್ತಾರೆ, ಹೆದರುವ ಕೆಲಸವಲ್ಲ. ಆರು ತಿಂಗಳಾಗಿದ್ದರೆ ರಾಗಿ ಸರಿಯನ್ನು ಗಟ್ಟಿಯಾಗಿ ಮಾಡಿ ಒಂದು ಚಮಚ ತುಪ್ಪವನ್ನೋ ಎಣ್ಣೆಯನ್ನೋ ಸೇರಿಸಿ.

ಔಷಧಿಯನ್ನು ಅಳತೆಯ ಡ್ರಾಪರಿನಲ್ಲೇ ಕೊಡಿ, ಅಂದಾಜಿನ ಚಮಚದಲ್ಲಿ ಬೇಡ. ಡಿಗಾಕ್ಸಿನ್ ಎಂಬ ಹೃದಯದ ಔಷಧಿ ಇದ್ದರೆ ಇನ್ನೂ ಜೋಕೆ, ಸ್ವಲ್ಪ ಹೆಚ್ಚಾದರೂ ಅಪಾಯ. ಮಗು ವಾಂತಿ ಮಾಡಿಕೊಂಡಿತೆಂದು ಮತ್ತೊಮ್ಮೆ ಕೊಡಬೇಡಿ. ವಾಂತಿ-ಭೇದಿ ಶುರುವಾದರೆ ಮೈಯ ಹೆಚ್ಚುವರಿ ನೀರನ್ನು ಮೂತ್ರದಲ್ಲಿ ಹೊರಹಾಕುವ ಔಷಧಿಯನ್ನು ಮುಂದುವರಿಸಬೇಕೇ ಎಂದು ಫೋನ್ ಮಾಡಿ ಕೇಳಿ. ಲಸಿಕೆ ಯಾವುದನ್ನೂ ತಪ್ಪಿಸಬೇಡಿ, “ಹಾರ್ಟ್ ಮಗು, ಸೂಜಿ ಬೇಡ” ಎನ್ನುವುದು ತಪ್ಪು. ಆರು ತಿಂಗಳಾದ ಮೇಲೆ ಫ್ಲೂ ಲಸಿಕೆ ಕೇಳಿ. ಜಾತ್ರೆ, ಮದುವೆ ಮನೆ, ಕೆಮ್ಮುವ ನೆಂಟರು, ಇವರಿಂದ ದೂರವಿರಿಸಿ, ಯಾಕೆಂದರೆ ಆಪರೇಷನ್ ಹಿಂದಿನ ದಿನ ಜ್ವರ-ನೆಗಡಿ ಬಂದರೆ ತಾರೀಖು ಹೋಗುತ್ತದೆ. ಹಲ್ಲು ಹುಳುಕಿದ್ದರೆ ಮೊದಲೇ ತೋರಿಸಿ; ಬಾಯಿಯ ಸೋಂಕು ಹೃದಯಕ್ಕೆ ಇಳಿಯಬಲ್ಲದು. ರಕ್ತದಾನಿಗಳು ಬೇಕಾಗುತ್ತಾರೆ, ಊರಿನಿಂದ ಯಾರು ಬರಬಲ್ಲರು ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ.

ಟೆಟ್ರಾಲಜಿ ಇರುವ ಮಗು, ಹೆಚ್ಚಾಗಿ ಬೆಳಗ್ಗೆ ಎದ್ದಾಗ ಅಥವಾ ಜೋರಾಗಿ ಅತ್ತಾಗ, ಇದ್ದಕ್ಕಿದ್ದಂತೆ ಕಡುನೀಲಿಯಾಗಿ ಏದುಸಿರು ಬಿಡಬಹುದು. ಕಿರುಚಾಡಬೇಡಿ. ಮಗುವನ್ನು ಎದೆಗೆ ಅವಚಿಕೊಂಡು, ಎರಡೂ ಮೊಣಕಾಲನ್ನು ಅದರ ಎದೆಗೆ ಒತ್ತಿ ಮಡಚಿ ಹಿಡಿಯಿರಿ, ಸಮಾಧಾನ ಮಾಡಿ, 108ಕ್ಕೆ ಕರೆ ಮಾಡಿ. ಸ್ವಲ್ಪ ದೊಡ್ಡ ಮಕ್ಕಳು ಆಟದ ನಡುವೆ ತಾವಾಗಿಯೇ ಕುಕ್ಕರುಗಾಲಿನಲ್ಲಿ ಕೂರುವುದೂ ಇದೇ ಕಾರಣಕ್ಕೆ. ಒಮ್ಮೆ ದಾಳಿ ಬಂದರೆ ಅದು ತಾನಾಗಿ ನಿಂತರೂ ಅದೇ ದಿನ ಆಸ್ಪತ್ರೆಗೆ ತಿಳಿಸಿ, ಗೊತ್ತಾದ ತಾರೀಖಿಗಿಂತ ಬೇಗ ಆಪರೇಷನ್ ಆಗಬೇಕು. ಈ ಮಕ್ಕಳಿಗೆ ಹಿಮೋಗ್ಲೋಬಿನ್ 12 ಇದ್ದರೆ ಲ್ಯಾಬ್ ‘ನಾರ್ಮಲ್’ ಎನ್ನುತ್ತದೆ, ಆದರೆ ನೀಲಿ ಮಗುವಿಗೆ ಅದು ರಕ್ತಹೀನತೆಯೇ. ಕಬ್ಬಿಣಾಂಶ ಬೇಕೇ ಎಂದು ಕೇಳಿ. ಭೇದಿಯಾದರೆ ನೀರಿನಂಶ ಕಡಿಮೆಯಾಗಲು ಬಿಡಬೇಡಿ, ಅವರ ರಕ್ತ ಮೊದಲೇ ಮಂದ.

ಈಗಾಗಲೇ ತಡವಾಗಿದ್ದರೆ

ಮಗುವಿಗೆ ನಾಲ್ಕು ವರ್ಷ, ಎಂಟು ವರ್ಷ ಆಗಿಹೋಗಿದೆ ಎಂದು ಕೈಚೆಲ್ಲಬೇಡಿ. ಟೆಟ್ರಾಲಜಿಯನ್ನು ದೊಡ್ಡವರಾದ ಮೇಲೂ ಸರಿಪಡಿಸುತ್ತಾರೆ. ಎಎಸ್‌ಡಿಯೂ ಹಾಗೆಯೇ. ವಿಎಸ್‌ಡಿ, ಪಿಡಿಎಗಳಲ್ಲಿ ಶ್ವಾಸಕೋಶದ ಒತ್ತಡ ಏರಿದ್ದರೆ, ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ ಮಾಡುವ ಕೆಥೆಟರ್ ಪರೀಕ್ಷೆಯಿಂದ ನಾಳಗಳು ಇನ್ನೂ ಸಡಿಲವಾಗಬಲ್ಲವೇ ಎಂದು ಅಳೆದು ನೋಡುತ್ತಾರೆ. ಅನೇಕ ಮಕ್ಕಳಿಗೆ ಆಗಲೂ ಆಪರೇಷನ್ ಸಾಧ್ಯ. ಒಂದು ಕಡೆ “ಇನ್ನು ಆಗಲ್ಲ” ಎಂದರೆ ಮಕ್ಕಳ ಹೃದಯ ತಂಡವಿರುವ ಇನ್ನೊಂದು ಆಸ್ಪತ್ರೆಯಲ್ಲಿ ಕೇಳಿ. ಅಲ್ಲೂ ಅದೇ ಮಾತು ಬಂದರೆ ನಂಬಿ. ಆಗ ಹಟ ಹಿಡಿದು ಸಾಲ ಮಾಡಿ ತೂತು ಮುಚ್ಚಿಸುವುದು ಮಗುವಿಗೆ ಕೆಡುಕು. ಶ್ವಾಸಕೋಶದ ಒತ್ತಡ ತಗ್ಗಿಸುವ ಸಿಲ್ಡೆನಾಫಿಲ್, ಬೊಸೆಂಟಾನ್‌ನಂಥ ಔಷಧಿಗಳಿಂದ ಎಷ್ಟೋ ವರ್ಷ ಶಾಲೆಗೆ ಹೋಗಿಕೊಂಡು ಬದುಕುವ ಮಕ್ಕಳಿದ್ದಾರೆ.

ಆಪರೇಷನ್ ಆದ ಮೇಲೆ

ಎದೆಮೂಳೆ ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಕಂಕುಳಿಗೆ ಕೈಹಾಕಿ ಮಗುವನ್ನು ಎತ್ತಬೇಡಿ. ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಕುಂಡಿಯ ಕೆಳಗೆ ಇಟ್ಟು ಎತ್ತಿ. ನೋಡಲು ಬಂದ ನೆಂಟರಿಗೆಲ್ಲ ಇದನ್ನು ಹೇಳಿ, ಮುದ್ದಿನಿಂದ ಎತ್ತುವವರೇ ಹೆಚ್ಚು. ಗಾಯದಲ್ಲಿ ಕೆಂಪು, ಕೀವು, ಜ್ವರ, ಮತ್ತೆ ಏದುಸಿರು, ಹಾಲು ಬಿಡುವುದು ಕಂಡರೆ ತಡಮಾಡದೆ ಫೋನ್ ಮಾಡಿ. ಮೊದಲ ಆರು ತಿಂಗಳು ಹಲ್ಲು ಕೀಳಿಸುವುದಿದ್ದರೆ ಮುಂಚೆ ಆಂಟಿಬಯೋಟಿಕ್ ಬೇಕಾಗುತ್ತದೆ, ದಂತವೈದ್ಯರಿಗೆ ತಿಳಿಸಿ. ಮಗು ಓಡಾಡಿ ಆಡುತ್ತಿದೆ ಎಂದು ಫಾಲೋಅಪ್ ಬಿಡಬೇಡಿ. ಟೆಟ್ರಾಲಜಿಯಂಥವಕ್ಕೆ ಜೀವನಪೂರ್ತಿ ಬೇಕು, ಬೆಳೆದ ಮೇಲೆ ಕವಾಟ ಬದಲಿಸಬೇಕಾಗಬಹುದು.

ಮುಂದಿನ ಮಗುವಿನ ಯೋಚನೆ ಇದ್ದರೆ, ಮತ್ತೆ ಹೃದಯದೋಷ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಎರಡು-ಮೂರು. ಬಸಿರಿನ 18ರಿಂದ 22ನೇ ವಾರದ ನಡುವೆ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಎಕೋ ಮಾಡಿಸಿ. ಮೊದಲೇ ಸಕ್ಕರೆ ಕಾಯಿಲೆ ಇರುವ ತಾಯಂದಿರಿಗೂ, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರಿಗೂ, ಫಿಟ್ಸ್ ಔಷಧಿ ತೆಗೆದುಕೊಳ್ಳುತ್ತಿರುವವರಿಗೂ ಇದು ಬೇಕು. ದೊಡ್ಡ ದೋಷ ಕಂಡರೆ ಹೆರಿಗೆಗೆ ತವರಿಗೆ ಹೋಗುವ ಬದಲು, ಮಕ್ಕಳ ಹೃದಯ ಆಸ್ಪತ್ರೆ ಹತ್ತಿರವಿರುವ ಊರಿನಲ್ಲಿ ಹೆರಿಗೆಯ ಏರ್ಪಾಡನ್ನು ಏಳನೇ ತಿಂಗಳಿನಲ್ಲೇ ಮಾಡಿಕೊಳ್ಳಿ.